‘ನಮ್ಮವರು’ ಎಂಬ ಮೊದಲ ಪಾಠ

ವೈದ್ಯಕೀಯ ಕಾಲೇಜುಗಳ ಪ್ರವೇಶ ಮುಗಿಯುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ಕೃತಜ್ಞತಾ ಬಲಿಪೂಜೆಗಳ ಕೋರಿಕೆ ಹೆಚ್ಚುತ್ತದೆ. ಮಗಳಿಗೆ ಸೀಟು ದೊರೆಯಿತೆಂದು ತಂದೆತಾಯಿ ಸಂತೋಷಪಡುವುದು ಸಹಜವೇ. ಆದರೆ ಹಾಸಿಗೆ, ಪುಸ್ತಕಗಳೊಡನೆ ಹಾಸ್ಟೆಲಿನ ಕೋಣೆಯಲ್ಲಿ ಮಗುವನ್ನು ಬಿಟ್ಟು ಹಿಂದಿರುಗಿದ ಮೇಲೆ, ಆ ಮಗು ಅಲ್ಲಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಈ ಪ್ರಶ್ನೆಯನ್ನು ಈಗ ಸರಕಾರದ ವರದಿಯೇ ನಮ್ಮ ಮುಂದಿಟ್ಟಿದೆ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆ 2024ರಲ್ಲಿ ತನ್ನ ವರದಿ ನೀಡಿತು. ಅದರ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಸುಮಾರು ಶೇಕಡಾ 35ರಷ್ಟು ಮಂದಿ ಸದಾ ಅಥವಾ ಆಗಾಗ್ಗೆ ಒಂಟಿತನ ಅನುಭವಿಸುವುದಾಗಿ ಹೇಳಿದ್ದಾರೆ. ನಾಡಿನ ಅತ್ಯಂತ ಬುದ್ಧಿವಂತ ಮಕ್ಕಳೆಂದು ನಾವು ಹೆಮ್ಮೆಪಡುವವರಲ್ಲಿ ಮೂವರಿಗೊಬ್ಬರು, ನೂರಾರು ಸಹಪಾಠಿಗಳ ನಡುವೆಯೇ, ತಮಗೆ ಯಾರೂ ಇಲ್ಲವೆಂದು ಕೊರಗುತ್ತಿದ್ದಾರೆ. ಇದನ್ನು ಎಳೆಯರ ಮನೋದೌರ್ಬಲ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ವೈದ್ಯ ವಿದ್ಯೆಯ ಗುರಿಯೇನೆಂದು ಬಲ್ಲವರು ಹಾಗೆ ತಳ್ಳಿಹಾಕಲಾರರು.

ಇಲ್ಲಿ ಸೋದರಿ ಮೇರಿ ಗ್ಲೌರಿಯವರ ಜೀವನವನ್ನು ನೆನೆಯುವುದು ಉಚಿತ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದಲ್ಲಿ 1887ರಲ್ಲಿ ಹುಟ್ಟಿದ ಈಕೆ 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಮಹಿಳೆಯೊಬ್ಬಳು ವೈದ್ಯಳಾಗುವುದೇ ವಿರಳವಾಗಿದ್ದ ಕಾಲವದು. ನಗರದಲ್ಲಿ ನೆಲೆಯೂರಿದ ವೃತ್ತಿಯೂ ಅವರಿಗಿತ್ತು. 1915ರಲ್ಲಿ ಓದಿದ ಒಂದು ಚಿಕ್ಕ ಪುಸ್ತಿಕೆ ಈ ಹಾದಿಯನ್ನು ಬದಲಿಸಿತು. ಪುರುಷ ವೈದ್ಯರ ಬಳಿಗೆ ಹೋಗಲಾರದೆ ಭಾರತದ ತಾಯಂದಿರೂ ಶಿಶುಗಳೂ ಸಾಯುತ್ತಿದ್ದರು; ಅವರಿಗಾಗಿ ದುಡಿದ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರ ಕಥೆ ಅದರಲ್ಲಿತ್ತು. ಗ್ಲೌರಿಯವರು 1919ರಲ್ಲಿ ಎಂ.ಡಿ. ಪದವಿ ಮುಗಿಸಿ, 1920ರಲ್ಲಿ ಗುಂಟೂರಿಗೆ ಬಂದು, ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸಲು ಆಗ ಅವಕಾಶವಿರಲಿಲ್ಲ. ಜಗದ್ಗುರುಗಳಿಂದ ವಿಶೇಷ ಅನುಮತಿ ಪಡೆದೇ ಅವರು ರೋಗಿಗಳ ಕೈಹಿಡಿದರು.

ಅವರು ಎಷ್ಟು ರೋಗಿಗಳನ್ನು ನೋಡಿದರು ಎಂಬುದಕ್ಕಿಂತ ಯಾರನ್ನು ತಮ್ಮೊಡನೆ ನಿಲ್ಲಿಸಿಕೊಂಡರು ಎಂಬುದು ನಮಗಿಲ್ಲಿ ಮುಖ್ಯ. ಅಪಾರ ಜನಸ್ತೋಮಕ್ಕೆ ತಾವೊಬ್ಬರೇ ಸಾಲದೆಂದು ಅರಿತ ಅವರು, ಸ್ಥಳೀಯ ಮಹಿಳೆಯರಿಗೆ ದಾದಿಯರಾಗಿ, ಸೂಲಗಿತ್ತಿಯರಾಗಿ, ಔಷಧ ಕೂಡಿಸುವವರಾಗಿ ತರಬೇತಿ ಕೊಟ್ಟರು. ಈ ದೇಶದ ಔಷಧಿಗಳ ಬಗೆಗೂ ಗೌರವ ಇಟ್ಟುಕೊಂಡಿದ್ದರು. ವಿಶ್ವವಿದ್ಯಾಲಯದ ಪೀಠವೊಂದು ಅವರಿಗೆ ಇರಲಿಲ್ಲ. ಆದರೂ ಸಾರ್ವಜನಿಕ ಆರೋಗ್ಯ ಶಿಕ್ಷಣ ಎಂದು ಇಂದು ನಾವು ಕರೆಯುವುದನ್ನು ಆ ಆಸ್ಪತ್ರೆಯ ಅಂಗಳದಲ್ಲೇ ಅವರು ನಡೆಸಿದರು. ‘ನೀನು ಗುಣ ಪಡೆಯಬೇಕಾದವಳು ಮಾತ್ರವಲ್ಲ, ಗುಣಪಡಿಸಬಲ್ಲವಳೂ ಹೌದು’ ಎಂದು ಹಳ್ಳಿಯ ಹೆಣ್ಣುಮಗಳಿಗೆ ತಿಳಿಯಪಡಿಸುವುದೇ ಆ ಶಿಕ್ಷಣದ ತಿರುಳಾಗಿತ್ತು.

1943ರಲ್ಲಿ ಕೇವಲ ಹದಿನಾರು ಮಂದಿ ಸೋದರಿಯರು ಗ್ಲೌರಿಯವರ ನೇತೃತ್ವದಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಭಾರತ ಕಥೋಲಿಕ ಆರೋಗ್ಯ ಸಂಘವಾಗಿ ಇಂದು ದೇಶದಾದ್ಯಂತ ಹರಡಿರುವುದು ಅದೇ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಆಕೆಯ ದೊಡ್ಡ ಕನಸಾಗಿತ್ತು. ಆ ಕನಸು ನನಸಾಗುವುದನ್ನು ಕಾಣದೆ 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲೇ ಅವರು ಕೊನೆಯುಸಿರೆಳೆದರು. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ನಗರದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಧರ್ಮಸಭೆ ಸೋದರಿ ಮೇರಿ ಗ್ಲೌರಿಯವರನ್ನು ‘ದೇವರ ಸೇವಕಿ’ ಎಂದು ಸಾರಿತು.

ಆ ಕಾಲೇಜಿನ ಸಮುದಾಯ ಆರೋಗ್ಯ ವಿಭಾಗದ ಕೆಲಸದಲ್ಲಿ ಈ ಬೀಜದ ಮೊಳಕೆಯನ್ನು ಕಾಣಬಹುದು. 1970ರ ದಶಕದಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದೊಡನೆ ಸೇರಿ ಒಂದು ಆರೋಗ್ಯ ಕೇಂದ್ರ ನಡೆಯಿತು. ಮಾರಿದ ಹಾಲಿನ ಲೆಕ್ಕದಲ್ಲಿ ರೈತರೇ ಕೆಲವು ಪೈಸೆ ಎತ್ತಿಟ್ಟು ಅದನ್ನು ಸಾಕಿದರು. ಸರ್ಜಾಪುರದ ಬಳಿಯ ಮುಗಳೂರಿನಲ್ಲಿ ತರಬೇತಿ ಕೇಂದ್ರವಿದೆ. ಆರಂಭದ ದಿನಗಳಲ್ಲೇ ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆದೊಯ್ದು ಅಲ್ಲಿನ ಜನರ ನಡುವೆ ಇರಿಸುವ ಪದ್ಧತಿಯೂ ಇದೆ. ರೋಗವನ್ನು ಓದುವ ಮೊದಲು ಮನೆಯನ್ನು ನೋಡು, ಬಾವಿಯನ್ನು ನೋಡು, ಒಲೆಯನ್ನು ನೋಡು ಎಂಬುದು ಇದರ ಅರ್ಥ. ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಿಂದ ಪ್ರತಿ ವಿದ್ಯಾರ್ಥಿ ಕೆಲವು ಕುಟುಂಬಗಳನ್ನು ‘ದತ್ತು’ ಪಡೆದು ಅವರ ಆರೋಗ್ಯವನ್ನು ಗಮನಿಸಬೇಕೆಂದು ವಿಧಿಸಿದೆ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ವಿದ್ಯಾರ್ಥಿ ಅಪರಿಚಿತ ಕುಟುಂಬವನ್ನು ತನ್ನದೆಂದು ಭಾವಿಸಬೇಕೆಂದು ನಿಯಮ ಹೇಳುತ್ತದೆ. ಆ ವಿದ್ಯಾರ್ಥಿಯನ್ನು ತನ್ನವನೆಂದು ಭಾವಿಸುವವರು ಯಾರು? ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಇಂಗ್ಲಿಷಿನ ಪ್ರಶ್ನೆಗೆ ತಡವರಿಸಿದಾಗ ತರಗತಿ ನಗುತ್ತದೆ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವಳು ತನ್ನ ಉಡುಪು, ಊರು, ಜಾತಿಗಳ ಬಗ್ಗೆ ಪಿಸುಮಾತು ಕೇಳುತ್ತಾಳೆ. ಕೊಡಲಾಗದ್ದನ್ನು ಕೊಡಬೇಕೆಂದು ಇವರನ್ನು ಒತ್ತಾಯಿಸುವುದು ನ್ಯಾಯವೇ?

ಯೆಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯ ಸಂಬಂಧಗಳನ್ನು ಎರಡಾಗಿ ವಿಂಗಡಿಸಿದರು: ಎದುರಿರುವವರನ್ನು ‘ಅದು’ ಎಂದು ಕಾಣುವುದು ಒಂದು, ‘ನೀನು’ ಎಂದು ಕಾಣುವುದು ಇನ್ನೊಂದು. ಐದು ವರ್ಷ ತನ್ನನ್ನು ಒಂದು ಕ್ರಮಸಂಖ್ಯೆಯೆಂದೇ ಕಂಡ ಸಂಸ್ಥೆಯಿಂದ ಹೊರಬಂದವನು, ರೋಗಿಯನ್ನು ‘ಹಾಸಿಗೆ ಸಂಖ್ಯೆ ಹನ್ನೆರಡು’ ಎಂದು ಕರೆದರೆ ಅಚ್ಚರಿಪಡಬೇಕಿಲ್ಲ. ‘ನೀನು’ ಎಂದು ಕರೆಸಿಕೊಂಡವನು ಮಾತ್ರ ‘ನೀನು’ ಎಂದು ಕರೆಯಬಲ್ಲ. ಆದುದರಿಂದ ‘ನಮ್ಮವರು’ ಎಂಬ ಭಾವ ವೈದ್ಯ ಶಿಕ್ಷಣದ ಅಲಂಕಾರವಲ್ಲ, ಅದರ ಅಡಿಪಾಯ.

ಕಠಿಣ ಶಿಸ್ತಿಲ್ಲದೆ ಉತ್ತಮ ವೈದ್ಯರು ತಯಾರಾಗಲಾರರು, ಹೆಚ್ಚು ಮುದ್ದು ಮಾಡಿದರೆ ಕೆಡುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಶಿಸ್ತು ಬೇಕು, ನಿಜ. ಆದರೆ ಶಿಸ್ತಿಗೂ ತಿರಸ್ಕಾರಕ್ಕೂ ವ್ಯತ್ಯಾಸವಿದೆ. ತಪ್ಪನ್ನು ತಿದ್ದುವ ಗುರು ಶಿಷ್ಯನನ್ನು ಹತ್ತಿರ ಕರೆಯುತ್ತಾನೆ. ಅವಮಾನಿಸುವವನು ದೂರ ತಳ್ಳುತ್ತಾನೆ. ದೂರ ತಳ್ಳಲ್ಪಟ್ಟವನು ತನ್ನ ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ, ಮತ್ತು ವೈದ್ಯನೊಬ್ಬ ಮುಚ್ಚಿಟ್ಟ ತಪ್ಪಿನ ಬೆಲೆಯನ್ನು ತೆರುವವನು ರೋಗಿ.

ಸಂತ ಲೂಕನ ಶುಭಸಂದೇಶದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಗಾಯಾಳುವಿಗೆ ಆತ ಎಣ್ಣೆ ಸುರಿದು ಪಟ್ಟಿ ಕಟ್ಟಿದ್ದನ್ನು ನೆನೆಯುತ್ತೇವೆ. ಆದರೆ ಆತ ಗಾಯಾಳುವನ್ನು ಛತ್ರಕ್ಕೂ ಕರೆದೊಯ್ದ, ಅಲ್ಲಿನವನಿಗೆ ಹಣ ಕೊಟ್ಟು ಆರೈಕೆಯ ಹೊಣೆಯನ್ನು ಒಪ್ಪಿಸಿದ. ಬಾಗಿಲು ತೆರೆದ ಛತ್ರವೊಂದು ಇಲ್ಲದಿದ್ದರೆ ಆ ಕರುಣೆ ದಾರಿಯಲ್ಲೇ ನಿಲ್ಲುತ್ತಿತ್ತು. ನಮ್ಮ ಕಾಲೇಜುಗಳೂ ಹಾಸ್ಟೆಲುಗಳೂ ಧರ್ಮಕೇಂದ್ರಗಳೂ ಅಂಥ ಛತ್ರಗಳಾಗಬೇಕು.

ಇದಕ್ಕೆ ಮಹಾ ಯೋಜನೆಗಳೇನೂ ಬೇಕಿಲ್ಲ. ಕಾಲೇಜಿರುವ ಊರಿನ ಧರ್ಮಕೇಂದ್ರಗಳು ದೂರದಿಂದ ಬಂದ ವಿದ್ಯಾರ್ಥಿಗಳನ್ನು, ಅವರು ಯಾವ ಧರ್ಮದವರೇ ಆಗಲಿ, ಭಾನುವಾರದ ಊಟಕ್ಕೆ ಮನೆಗಳಿಗೆ ಕರೆಯಲಿ. ನಮ್ಮ ವೈದ್ಯರೂ ದಾದಿಯರೂ ತಲಾ ಒಬ್ಬ ಹೊಸ ವಿದ್ಯಾರ್ಥಿಯ ಹೆಸರನ್ನು ನೆನಪಿಟ್ಟು ವಿಚಾರಿಸಲಿ. ಹಿರಿಯ ವಿದ್ಯಾರ್ಥಿಗಳಾಗಿರುವ ನಮ್ಮ ಯುವಜನರು ರ‍್ಯಾಗಿಂಗ್ ನಡೆಯುವಲ್ಲಿ ಮೌನವಾಗಿ ನಿಲ್ಲದಿರಲಿ. ತಂದೆತಾಯಿಗಳು ದೂರವಾಣಿಯಲ್ಲಿ ಅಂಕಗಳನ್ನು ಕೇಳುವ ಮೊದಲು, ‘ಇವತ್ತು ಯಾರ ಜೊತೆ ಊಟ ಮಾಡಿದೆ ಮಗಾ?’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ತಡವಾದರೆ ಬಸ್ಸು ಹತ್ತಿ ಹೋಗಿ ನೋಡಿ ಬರಲಿ.

ದೂರದ ಆಸ್ಟ್ರೇಲಿಯದಿಂದ ಬಂದ ವೈದ್ಯೆ ತೆಲುಗು ನಾಡಿನ ಬಡ ಹೆಣ್ಣುಮಕ್ಕಳನ್ನು ‘ನಮ್ಮವರು’ ಎಂದಳು. ನಮ್ಮದೇ ಹಳ್ಳಿಯಿಂದ ಹೋದ ಮಕ್ಕಳನ್ನು ಹಾಗೆ ಕರೆಯಲು ನಾವು ಸಮುದ್ರ ದಾಟಬೇಕಿಲ್ಲ. ಪರಲೋಕದ ವೈದ್ಯರಾದ ಯೇಸುಸ್ವಾಮಿ ನಮ್ಮ ವಿದ್ಯಾರ್ಥಿಗಳನ್ನೂ ಅವರ ಗುರುಗಳನ್ನೂ ಹರಸಲಿ.