ಪತಿಗೊಂದು ಪತ್ರ ಬರೆಯಿರಿ



ನಿಮ್ಮ ಪತಿ ಗಲ್ಫ್‌ನಲ್ಲಿದ್ದಾರೆಯೇ? ದಿನವೂ ವಿಡಿಯೋ ಕರೆಯಲ್ಲಿ ಮುಖ ನೋಡುತ್ತೀರಿ. ಆದರೆ ಮಾತೆಲ್ಲಾ ಮಕ್ಕಳ ಫೀಸು, ಮನೆ ಖರ್ಚು, ಅತ್ತೆಯ ಔಷಧಿಯಲ್ಲೇ ಮುಗಿಯುತ್ತದೆ. ಪಕ್ಕದಲ್ಲಿ ಮನೆಮಂದಿ ಇರುವಾಗ ಮನಸ್ಸಿನ ಮಾತು ಗಂಟಲಲ್ಲೇ ಉಳಿಯುತ್ತದೆ. ಹಿಂದೆ ಆ ಮಾತಿಗೆಂದೇ ಪತ್ರವಿತ್ತು.

ಉರ್ದು ಕವಿ ಜಾನ್ ನಿಸಾರ್ ಅಖ್ತರ್ ಮುಂಬಯಿಯಲ್ಲಿದ್ದಾಗ ಪತ್ನಿ ಸಫಿಯಾ ಭೋಪಾಲದಲ್ಲಿದ್ದರು. ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಇಬ್ಬರು ಪುಟ್ಟ ಗಂಡುಮಕ್ಕಳು, ಜೊತೆಗೆ ಅನಾರೋಗ್ಯ. ಆದರೂ ಪತಿಗೆ ಪತ್ರ ಬರೆಯುವುದನ್ನು ಅವರು ಬಿಡಲಿಲ್ಲ. 1953ರಲ್ಲಿ ಅವರು ತೀರಿಕೊಂಡಾಗ ಹಿರಿಯ ಮಗ ಜಾವೇದ್ ಅಖ್ತರ್‌ಗೆ ಕೇವಲ 8 ವರ್ಷ. ಆ ಪತ್ರಗಳು ‘ಹರ್ಫ್-ಎ-ಆಶ್ನಾ’, ‘ಜೇರ್-ಎ-ಲಬ್’ ಎಂಬ ಪುಸ್ತಕಗಳಾಗಿ ಇಂದಿಗೂ ಉಳಿದಿವೆ.

ಮೊಬೈಲ್ ಕೆಟ್ಟರೆ ಅದರೊಳಗಿನ ಸಂದೇಶವೂ ಹೋಗಬಹುದು. ಕೈಬರಹವನ್ನಾದರೋ ಮಡಚಿ ಪೆಟ್ಟಿಗೆಯಲ್ಲಿಡಬಹುದು, ಬೇಸರವಾದಾಗ ಬಿಡಿಸಿ ಓದಬಹುದು.

ಈ ಶುಕ್ರವಾರ ಒಂದು ಹಾಳೆ ತೆಗೆದುಕೊಳ್ಳಿ. ಖರ್ಚಿನ ಲೆಕ್ಕ ಬೇಡ, ದೂರೂ ಬೇಡ. ಕಷ್ಟಕಾಲದಲ್ಲಿ ಅವರ ಯಾವ ಮಾತು, ಯಾವ ಗುಣ ನಿಮಗೆ ಆಸರೆಯಾಯಿತೆಂದು ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಲಕೋಟೆಗೆ ಅಂಟು ಹಚ್ಚಿ, ಊರಿನಿಂದ ಹೊರಡುವವರ ಕೈಯಲ್ಲಿ ಕಳುಹಿಸಿ. ಪತಿ ಜೊತೆಯಲ್ಲೇ ಇದ್ದಾರೆಯೇ? ಹಾಗಾದರೆ ದಿಂಬಿನ ಕೆಳಗಿಡಿ.