ಬೀಗ ಹಾಕಿಟ್ಟರೆ ಕಾರು ಉಳಿಯದು

ಹಳೆಯ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕಿಗಾಗಿ ಮಾರ್ಪಡಿಸುವುದು ಪರಂಪರೆಗೆ ಬಗೆಯುವ ದ್ರೋಹ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಆಧಾರಕ್ಕೆ ವಿಂಟೇಜ್ ವಾಹನಗಳ 2021ರ ಕೇಂದ್ರ ನಿಯಮವನ್ನು ಮುಂದಿಟ್ಟಿದ್ದಾರೆ. ಆ ನಿಯಮ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. 1998ರಲ್ಲಿ ಬಂದ ಬೆಂಗಳೂರಿನ ಸ್ಯಾನ್ ಸ್ಟಾರ್ಮ್ 2048ಕ್ಕೆ ಮುಂಚೆ ಅದರ ವ್ಯಾಪ್ತಿಗೆ ಬಾರದು. ಅಲ್ಲಿಯವರೆಗೆ ಮೂಲೆಯಲ್ಲಿ ಕೊಳೆಯಲಿ ಎನ್ನುತ್ತೀರಾ?

ಎರಡು ಸೀಟಿನ ಆ ಕಾರಿಗೆ ಫೈಬರ್ ಬಾಡಿ, ರೆನೋ ಕಂಪನಿಯ 1149 ಸಿಸಿ ಎಂಜಿನ್. ಫೈಬರಿಗೆ ತುಕ್ಕು ಹಿಡಿಯದು; ಕೆಳಗಿನ ಉಕ್ಕಿನ ಚಾಸಿಗೆ ಹಿಡಿಯುತ್ತದೆ. ರಿಪೇರಿ ಶುರುವಾಗಬೇಕಾದ್ದು ಅಲ್ಲಿಂದ. ಟ್ರ್ಯಾಕಿನಲ್ಲಿ ಮೇಲಿಂದ ಮೇಲೆ ಬ್ರೇಕ್ ಒತ್ತಿದಾಗ, ತೇವ ಹೀರಿದ ಹಳೆಯ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹೊಸ ಆಯಿಲ್, ಗಟ್ಟಿ ಪ್ಯಾಡ್, ರೋಲ್ ಕೇಜ್ ಹಾಕಿಸುವುದು ಜೀವ ಉಳಿಸಿಕೊಳ್ಳಲು, ಶೋಕಿಗಲ್ಲ. ಬಿಚ್ಚಿದ ಮೂಲ ಬಿಡಿಭಾಗಗಳನ್ನು ಜೋಪಾನವಾಗಿಟ್ಟರೆ ಪರಂಪರೆಗೂ ಧಕ್ಕೆಯಿಲ್ಲ.

ಇದು ಮಹಾನಗರದವರ ಹುಚ್ಚು ಎಂಬ ಮಾತಿಗೂ ಹುರುಳಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ಕೈಗಳಿಗೆ ಚಾಸಿಯ ಬಿರುಕು ಗುರುತಿಸಲು ಯಾರೂ ಕಲಿಸಬೇಕಿಲ್ಲ.

ಕಾನೂನಿನ ಮಾತು ಮಾತ್ರ ಒಪ್ಪತಕ್ಕದ್ದು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಾಯಿತ ಕಾರಿನ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಟ್ರ್ಯಾಕಿನ ಕಾರು ಲಾರಿ ಏರಿಯೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಲಿ. ಶಿಗ್ಗಾಂವಿಯ ಹೆದ್ದಾರಿಯಲ್ಲಿ ರೇಸ್ ಹೊಡೆಯುವವರಿಗೆ ದಂಡ ಹಾಕಿ ಎಂದು ಲೇಖಕರು ಬರೆಯಲಿ, ಮೊದಲ ಸಹಿ ನನ್ನದು.