ಪ್ರಾಣಿಪ್ರಪಂಚ: ಅಮಾಮಿಯ ಕರಿಮೊಲ

ನಮ್ಮ ಪೂರ್ವಿಕರು ಚಂದ್ರನ ಕಲೆಯಲ್ಲಿ ಮೊಲವನ್ನು ಕಂಡು ಅವನಿಗೆ ಶಶಾಂಕನೆಂದು ಹೆಸರಿಟ್ಟರು. ಜಪಾನೀಯರೂ ಚಂದ್ರಬಿಂಬದಲ್ಲಿ ಮೊಲವನ್ನೇ ಕಾಣುವರು. ಅದು ಅಲ್ಲಿ ಒರಳಿನಲ್ಲಿ ಅಕ್ಕಿಯ ತಿಂಡಿಯನ್ನು ಕುಟ್ಟುತ್ತಿದೆಯೆಂದು ಮಕ್ಕಳಿಗೆ ಹೇಳುವರು. ಅದೇ ಜಪಾನ್ ದೇಶದ ಎರಡು ದ್ವೀಪಗಳಲ್ಲಲ್ಲದೆ ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲದ ಒಂದು ಮೊಲವುಂಟು. ಅದರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಕ್ಯೂಶೂ ದ್ವೀಪಕ್ಕೂ ಒಕಿನಾವಾಕ್ಕೂ ನಡುವೆ ಅಮಾಮಿ ಓಶಿಮಾ, ತೊಕುನೊಶಿಮಾ ಎಂಬ ದ್ವೀಪಗಳಿವೆ. ಇವುಗಳ ಬೆಟ್ಟದ ಕಾಡುಗಳೇ ಈ ಮೊಲದ ಮನೆ. ನಮ್ಮ ಹೊಲಗಳ ಮೊಲಕ್ಕಿರುವಂತೆ ಉದ್ದನೆಯ ಕಿವಿಯಾಗಲಿ, ಚಿಮ್ಮಿ ನೆಗೆಯುವ ಕಾಲುಗಳಾಗಲಿ ಇದಕ್ಕಿಲ್ಲ. ಮೈಬಣ್ಣ ಕಪ್ಪಾದ ಕಂದು. ಕಿವಿಗಳು ಗಿಡ್ಡ, ಕಾಲುಗಳು ಗಿಡ್ಡ. ಉಗುರುಗಳು ಮಾತ್ರ ನೆಲವನ್ನು ತೋಡುವುದಕ್ಕೆ ತಕ್ಕಂತೆ ನೀಳವಾಗಿ ಬಲವಾಗಿವೆ. ತೂಕ 2ರಿಂದ 3 ಕಿಲೋಗ್ರಾಂ. ಹಗಲೆಲ್ಲ ಬಿಲದಲ್ಲಿದ್ದು ರಾತ್ರಿ ಹುಲ್ಲು ಚಿಗುರುಗಳನ್ನು ಮೇಯುವುದು. ಜಪಾನ್ ಸರ್ಕಾರವು 1921ರಷ್ಟು ಹಿಂದೆಯೇ ಇದನ್ನು ಕಾಪಾಡತಕ್ಕ ನೈಸರ್ಗಿಕ ಸ್ಮಾರಕವೆಂದು ಸಾರಿತು.

ಈ ಮೊಲದ ತಾಯ್ತನವು ಗೃಹಸ್ಥರು ಕೇಳಿ ಮೆಚ್ಚತಕ್ಕದ್ದು. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಅದಕ್ಕಾಗಿ ತಾಯಿ ತನ್ನ ವಾಸದ ಬಿಲವಲ್ಲದೆ ಬೇರೊಂದು ಬಿಲವನ್ನು ತೋಡಿ, ಮರಿಯನ್ನು ಒಳಗಿಟ್ಟು, ಬಾಯಿಗೆ ಮಣ್ಣು ತುಂಬಿ, ಮುಂಗಾಲುಗಳಿಂದ ತಟ್ಟಿ ಭದ್ರಪಡಿಸಿ ಹೊರಟುಹೋಗುವುದು. ಒಂದೆರಡು ರಾತ್ರಿಗೊಮ್ಮೆ ಬಂದು ಮಣ್ಣನ್ನು ಬಗೆದು, ಕೆಲವೇ ನಿಮಿಷ ಹಾಲೂಡಿಸಿ, ಮತ್ತೆ ಮೊದಲಿನಂತೆಯೇ ಮುಚ್ಚುವುದು. ಅಲ್ಲಿ ಹಾಬು ಎಂಬ ಘೋರವಿಷದ ಹಾವುಗಳಿವೆ. ಮರಿಯನ್ನು ಅವುಗಳ ಕಣ್ಣಿನಿಂದ ಕಾಪಾಡುವುದಕ್ಕಾಗಿಯೇ ಈ ಎಚ್ಚರವೆಂದು ಹೇಳುವರು. ಆ ದ್ವೀಪಗಳಲ್ಲಿ ಬೇಟೆಯಾಡುವ ಮೃಗಗಳು ಮೊದಲು ಇರಲೇ ಇಲ್ಲ. ಆದುದರಿಂದ ಓಡಿ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಈ ಮೊಲ ಕಲಿತಿರಲಿಲ್ಲ.

ಹಾಬುವಿನ ಕಡಿತಕ್ಕೆ ಅಲ್ಲಿಯ ಜನರೂ ಅಂಜಿದರು. ಹಾವಿಗೆ ವೈರಿ ಯಾರು? ಮುಂಗುಸಿ. ಗಂಗೆಯು ಸಮುದ್ರವನ್ನು ಸೇರುವ ವಂಗದೇಶದ ಪ್ರಾಂತದಿಂದ 1910ರಲ್ಲಿ ಕೆಲವು ಮುಂಗುಸಿಗಳನ್ನು ತಂದು ಒಕಿನಾವಾದಲ್ಲಿ ಬಿಟ್ಟಿದ್ದರು. ಅವುಗಳ ಸಂತತಿಯಲ್ಲಿ ಸುಮಾರು 30ನ್ನು 1979ರಲ್ಲಿ ಅಮಾಮಿ ಓಶಿಮಾಕ್ಕೆ ತಂದು ಬಿಟ್ಟರು. ಆದರೆ ಮುಂಗುಸಿ ಹಗಲು ಸಂಚರಿಸುವ ಪ್ರಾಣಿ, ಹಾಬು ರಾತ್ರಿ ಸಂಚರಿಸುವ ಹಾವು. ಅವೆರಡೂ ಸಂಧಿಸುವುದೇ ಅಪೂರ್ವವಾಯಿತು. ಮುಂಗುಸಿಯು ಸುಲಭವಾಗಿ ಸಿಕ್ಕಿದ ಮೊಲ, ಕಪ್ಪೆ, ಹಕ್ಕಿಗಳನ್ನು ತಿಂದು ಬೆಳೆಯಿತು. ಸುಮಾರು 2000ದ ಹೊತ್ತಿಗೆ ಆ 30 ಹೋಗಿ 10,000ದಷ್ಟಾಗಿದ್ದವು. ಮೊಲಗಳಾದರೋ 2003ರ ಒಂದು ಎಣಿಕೆಯಂತೆ ಆ ದ್ವೀಪದಲ್ಲಿ 2,000ದಿಂದ 4,800ರವರೆಗೆ ಮಾತ್ರ ಉಳಿದಿದ್ದವು.

ಪಂಚತಂತ್ರದ ಐದನೆಯ ತಂತ್ರಕ್ಕೆ ಅಪರೀಕ್ಷಿತಕಾರಕವೆಂದು ಹೆಸರು. ತೊಟ್ಟಿಲ ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನು ವಿಚಾರಿಸದೆ ಕೊಂದ ಕಥೆ ಅದರಲ್ಲಿಯೇ ಇದೆ. ಅಲ್ಲಿ ಪರೀಕ್ಷಿಸದೆ ಮುಂಗುಸಿಯನ್ನು ಕೊಂದರು. ಇಲ್ಲಿ ಪರೀಕ್ಷಿಸದೆ ಮುಂಗುಸಿಯನ್ನು ಕರೆತಂದರು. ಎರಡು ಕಡೆಯೂ ಆ ಮೂಕಪ್ರಾಣಿಯದೇನೂ ಅಪರಾಧವಿಲ್ಲ. ಹಾವು ಮುಂಗುಸಿಗಳ ವೈರವನ್ನು ಕೇಳಿ ಬಲ್ಲವರು, ಅವುಗಳ ದಿನಚರಿಯನ್ನು ವಿಚಾರಿಸಲಿಲ್ಲ.

ಒಂದು ದಿನದಲ್ಲಿ ಮಾಡಿದ್ದನ್ನು ತಿದ್ದುವುದಕ್ಕೆ ಕಾಲು ಶತಮಾನ ಬೇಕಾಯಿತು. ಸರ್ಕಾರವು 2000ದಲ್ಲಿ ಮುಂಗುಸಿಗಳನ್ನು ನಿರ್ಮೂಲ ಮಾಡಲು ತೊಡಗಿತು. 2005ರಲ್ಲಿ ಅದಕ್ಕಾಗಿಯೇ ಒಂದು ತಂಡ ಸಿದ್ಧವಾಯಿತು. ಅವರು ಬೆಟ್ಟ ಬೆಟ್ಟಗಳನ್ನು ಹತ್ತಿ ಸಾವಿರಾರು ಬೋನುಗಳನ್ನು ಒಡ್ಡಿದರು, ನಾಯಿಗಳಿಂದ ಜಾಡು ಹಿಡಿಸಿದರು. ಕೊನೆಯ ಮುಂಗುಸಿ ಸಿಕ್ಕಿದ್ದು 2018ರ ಏಪ್ರಿಲಿನಲ್ಲಿ. ಆದರೂ ಕೆಲಸ ಮುಗಿಯಿತೆಂದು ಅವರು ಆಗಲೇ ಸಾರಲಿಲ್ಲ. ಆರು ವರ್ಷ ಕಾಡನ್ನು ಸೋಸಿ ನೋಡಿ, ಒಂದೂ ಉಳಿದಿಲ್ಲವೆಂದು ದೃಢವಾದ ಬಳಿಕ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ತರುವಾಗ ಮಾಡದ ಪರೀಕ್ಷೆಯನ್ನು ಕಳೆಯುವಾಗ ಮಾಡಿದರು. ಇದನ್ನು ನಾವು ಮೆಚ್ಚಲೇಬೇಕು. ಮೊಲಗಳ ಸಂಖ್ಯೆಯೂ ಈಗ ಏರಿದೆ.

ಆದರೆ ಗಂಡಾಂತರ ಪೂರ್ತಿಯಾಗಿ ಕಳೆದಿಲ್ಲ. ಮನೆಯಲ್ಲಿ ಸಾಕಿ ಕಾಡಿಗೆ ಬಿಟ್ಟ ಬೆಕ್ಕುಗಳು ಮೊಲವನ್ನು ಹಿಡಿಯುತ್ತಿವೆ. ರಾತ್ರಿ ಬೆಟ್ಟದ ರಸ್ತೆಗಳಲ್ಲಿ ವೇಗವಾಗಿ ಹೋಗುವ ಮೋಟಾರುಗಳ ಕೆಳಗೆ ಮೊಲಗಳು ಸಾಯುತ್ತಿವೆ. ಬೋನಿನವರು ಎಷ್ಟು ದುಡಿದರೂ ಇದಕ್ಕೆ ಪರಿಹಾರ ಅವರ ಕೈಯಲ್ಲಿಲ್ಲ. ತಮ್ಮ ಬೆಕ್ಕನ್ನು ಅಂಕೆಯಲ್ಲಿಟ್ಟುಕೊಳ್ಳುವ ಗೃಹಿಣಿ, ರಾತ್ರಿ ಬಂಡಿಯನ್ನು ನಿಧಾನವಾಗಿ ನಡೆಸುವ ಗೃಹಸ್ಥ, ಇವರೇ ಇನ್ನು ಆ ಮೊಲವನ್ನು ಕಾಯಬೇಕಾದವರು. ತಾಯಿಮೊಲ ಬಿಲದ ಬಾಯಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ, ತಿರುಗಿ ಬಂದು ಅದನ್ನು ತೆರೆಯಲು ಅವಳು ಬದುಕಿರಬೇಕಷ್ಟೆ.